ಆರೋಪಿಯ ಪರವಾಗಿ ನಿಲ್ಲುವುದು ಅಧರ್ಮವೇ?

2023ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಕಾರನ್ನು ತಡೆದು ನಿಲ್ಲಿಸಿದರು. ಅದರಲ್ಲಿದ್ದವರ ವಿಚಾರಣೆಯಿಂದ ಹೊರಬಿದ್ದ ಸಂಗತಿ ಮಂಡ್ಯ ಜಿಲ್ಲೆಯನ್ನು ತಲೆ ತಗ್ಗಿಸುವಂತೆ ಮಾಡಿತು. ಬೆಲ್ಲ ಕಾಯಿಸುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು, ಗರ್ಭದಲ್ಲಿರುವ ಶಿಶು ಹೆಣ್ಣೋ ಗಂಡೋ ಎಂದು ನೋಡಿ, ಹೆಣ್ಣೆಂದು ತಿಳಿದರೆ ಗರ್ಭಪಾತ ಮಾಡಿಸುತ್ತಿದ್ದರೆಂಬುದು ಆರೋಪ. ವೈದ್ಯರು, ತಂತ್ರಜ್ಞರು, ದಲ್ಲಾಳಿಗಳು ಬಂಧಿತರಾದರು. ಸರ್ಕಾರವು ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಇರುವೆಯ ಮೇಲೂ ಕಾಲಿಡಬಾರದೆಂದು ಮಕ್ಕಳಿಗೆ ಹೇಳಿಕೊಡುವ ಮನೆಗಳಲ್ಲಿ ಈ ಸುದ್ದಿ ಎಂಥ ನೋವನ್ನುಂಟುಮಾಡಿತೆಂಬುದನ್ನು ವಿವರಿಸಬೇಕಾಗಿಲ್ಲ. ಇಂತಹ ಸುದ್ದಿ ಬಂದಾಗಲೆಲ್ಲ ಒಂದು ಮಾತು ತಾನಾಗಿಯೇ ಹುಟ್ಟುತ್ತದೆ: ಇಂಥವರ ಪರವಾಗಿ ಯಾವ ವಕೀಲನೂ ನಿಲ್ಲಬಾರದು.

ಆ ಮಾತು ಅಹಿಂಸೆಯ ಮಾತಿನಂತೆಯೇ ಕೇಳಿಸುತ್ತದೆ. ಅದನ್ನಾಡುವವರ ಕರುಣೆಯೂ ನಿಜವಾದುದೇ.

ಈಗ ಇನ್ನೊಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಪೇಟೆಯ ಬೀದಿಯ ಒಂದು ಗಿರವಿ ಅಂಗಡಿ. ಕಬ್ಬಿನ ಹಣ ಕೈಸೇರುವತನಕ ರೈತರು ಮನೆಯ ಒಡವೆಯನ್ನಿಟ್ಟು ಸಾಲ ಪಡೆಯುವುದು ಈ ಸೀಮೆಯಲ್ಲಿ ಹಳೆಯ ರೂಢಿ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಪೊಲೀಸರ ಜೀಪು ನಿಲ್ಲುತ್ತದೆ. ಜೊತೆಯಲ್ಲಿ ಕರೆತಂದ ವ್ಯಕ್ತಿ ಕೈತೋರಿಸಿ, ಸರ ಕೊಟ್ಟದ್ದು ಇವರಿಗೇ ಎನ್ನುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಠಾಣೆಯಲ್ಲಿ. ಆ ರಾತ್ರಿ ಆ ಮನೆಯಲ್ಲಿ, ನೆಂಟರಿಷ್ಟರಲ್ಲಿ, ಬಸದಿಯ ಆಡಳಿತ ಸಮಿತಿಯಲ್ಲಿ, ಯಾವ ವಕೀಲನೂ ನಿಲ್ಲಬಾರದೆಂದು ಯಾರೂ ಹೇಳುವುದಿಲ್ಲ. ದೂರವಾಣಿ ಬೆಳಗಿನವರೆಗೂ ಗಣಗಣಿಸುತ್ತದೆ: ಒಳ್ಳೆಯ ವಕೀಲರು ಯಾರು?

ಎರಡೂ ಸಂದರ್ಭಗಳಲ್ಲಿ ಇರುವುದು ಆರೋಪ ಮಾತ್ರ. ಒಂದರಲ್ಲಿ ಆರೋಪವೇ ತೀರ್ಪಾಗುತ್ತದೆ, ಇನ್ನೊಂದರಲ್ಲಿ ಆರೋಪ ಬರಿಯ ಆರೋಪವಾಗಿಯೇ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹಿಂಸೆಯ ತಾರತಮ್ಯವೋ ಅಥವಾ 'ನಮ್ಮವರು' ಎಂಬ ಮೋಹವೋ ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಜೈನ ಶಾಸ್ತ್ರವು ಒಂದು ದುಷ್ಕೃತ್ಯವನ್ನು ಎಂದೂ ಒಂದೇ ಮುದ್ದೆಯಾಗಿ ನೋಡಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಜೀವಾಧಿಕರಣವನ್ನು ವಿಂಗಡಿಸಿರುವ ರೀತಿಯನ್ನು ಬಲ್ಲವರು ಬಲ್ಲರು. ಮಾಡಬೇಕೆಂಬ ಸಂಕಲ್ಪ ಸಂರಂಭ, ಅದಕ್ಕೆ ಸಾಧನ ಸಾಮಗ್ರಿಗಳನ್ನು ಕೂಡಿಸಿಕೊಳ್ಳುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರೂ ಮನಸ್ಸಿನಿಂದ, ವಚನದಿಂದ, ಕಾಯದಿಂದ ಆಗಬಹುದು. ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಇತರರು ಮಾಡಿದ್ದನ್ನು ಒಪ್ಪಿದ್ದು ಅನುಮತ. ಇವಕ್ಕೆ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಸೇರಿಸಿ ಗುಣಿಸಿದರೆ ನೂರೆಂಟು ಭೇದಗಳಾಗುತ್ತವೆ. ಜಪಮಾಲೆಯ ನೂರೆಂಟು ಮಣಿಗಳಿಗೆ ಈ ನೂರೆಂಟನ್ನೇ ಕಾರಣವಾಗಿ ಹೇಳುವ ಸಂಪ್ರದಾಯವೂ ಉಂಟು.

ಈ ಕಣ್ಣಿನಿಂದ ಆಲೆಮನೆಯ ಆರೋಪವನ್ನು ನೋಡಿದರೆ ಏನು ಕಾಣುತ್ತದೆ? ಇಂತಹ ಕೃತ್ಯ ನಡೆಯಬೇಕಾದರೆ ಯಂತ್ರವನ್ನು ತಂದವನೊಬ್ಬ ಬೇಕು, ನೋಡಿ ಹೇಳುವವನೊಬ್ಬ, ಗಿರಾಕಿಗಳನ್ನು ಹುಡುಕಿ ತರುವವನೊಬ್ಬ. ವಾಹನ ನಡೆಸಿದವನಿಗೆ ಎಲ್ಲವೂ ಗೊತ್ತಿದ್ದಿರಬಹುದು, ಏನೂ ಗೊತ್ತಿಲ್ಲದೆಯೂ ಇರಬಹುದು. ಜಾಗ ಕೊಟ್ಟವನು ಬಾಡಿಗೆಯನ್ನಷ್ಟೇ ನೋಡಿದ್ದಿರಬಹುದು. ಇನ್ನು ಕರೆತರಲ್ಪಟ್ಟ ಗರ್ಭಿಣಿ? ಲಿಂಗಪತ್ತೆಯನ್ನು ನಿಷೇಧಿಸಿರುವ 1994ರ ಕಾಯಿದೆಯೇ ಅವಳ ವಿಷಯದಲ್ಲಿ ಬೇರೆ ನಿಲುವನ್ನು ತಳೆದಿದೆ: ವಿರುದ್ಧವಾಗಿ ಸಿದ್ಧಪಡಿಸುವತನಕ, ಗಂಡನೋ ಬಂಧುಗಳೋ ಅವಳನ್ನು ಬಲವಂತಪಡಿಸಿದರೆಂದೇ ನ್ಯಾಯಾಲಯವು ಭಾವಿಸಬೇಕು. ಯಂತ್ರದ ಮುಂದೆ ಕುಳಿತವನಿಗೂ ಸ್ಟಿಯರಿಂಗ್ ಹಿಡಿದವನಿಗೂ ಒಂದೇ ಅಳತೆಯ ದಂಡವೆಂದರೆ ಅದು ನ್ಯಾಯವೂ ಅಲ್ಲ, ಶಾಸ್ತ್ರವೂ ಅಲ್ಲ. ಯಾರದು ಕೃತ, ಯಾರದು ಕಾರಿತ, ಯಾರದು ಏನೂ ಅಲ್ಲ ಎಂದು ಬಿಡಿಸಿ ತೋರಿಸುವ ಕೆಲಸಕ್ಕೆ ನ್ಯಾಯಾಲಯದಲ್ಲಿ ಒಬ್ಬ ಮನುಷ್ಯ ಬೇಕು. ಅವನೇ ಆರೋಪಿಯ ವಕೀಲ. ಮನಸ್ಸಿನಲ್ಲಿಯೇ ಅನುಮೋದಿಸಿದವರಿಗೆ, ಎಂದರೆ ಹೆಣ್ಣು ಮಗು ಹುಟ್ಟಿತೆಂದು ಮುಖ ಸಣ್ಣದು ಮಾಡಿಕೊಳ್ಳುವ ಎಷ್ಟೋ ಮಂದಿ ಗೌರವಸ್ಥರಿಗೆ, ಕರ್ಮಬಂಧವುಂಟು, ಠಾಣೆಯಿಲ್ಲ.

ವಕೀಲನಿಲ್ಲದ ವಿಚಾರಣೆ ಹೇಗಿರುತ್ತದೆಂಬುದನ್ನು ಲೋಕ ಬಹಳ ಕಾಲ ಅನುಭವಿಸಿ ತಿಳಿದಿದೆ. ಇಂಗ್ಲೆಂಡಿನಲ್ಲಿ 'ಫೆಲನಿ' ಎನಿಸಿಕೊಂಡ ಘೋರ ಅಪರಾಧಗಳ ಆರೋಪಿಯ ಪರವಾಗಿ ವಕೀಲನು ಪಂಚರನ್ನು ಉದ್ದೇಶಿಸಿ ಪೂರ್ಣವಾದ ವಾದವನ್ನು ಮಂಡಿಸಲು 1836ರ ಕಾಯಿದೆಯವರೆಗೂ ಅವಕಾಶವಿರಲಿಲ್ಲ. ಗಲ್ಲಿಗೆ ಹೋಗಬಹುದಾದವನೇ ತನ್ನ ಮಾತನ್ನು ತಾನೇ ಆಡಿಕೊಳ್ಳಬೇಕಾಗಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನು ಒಂದು ಆಟದ ಮನೆಗೆ ನುಗ್ಗಿ ಕದ್ದನೆಂಬ ಆರೋಪಕ್ಕೊಳಗಾಗಿ, ವಕೀಲನನ್ನು ಕೊಡಿರೆಂದು ಕೇಳಿದರೂ ಸಿಗದೆ, ಶಿಕ್ಷೆ ಅನುಭವಿಸತೊಡಗಿದ. ಸೆರೆಮನೆಯಿಂದಲೇ ಪೆನ್ಸಿಲಿನಲ್ಲಿ ಅರ್ಜಿ ಬರೆದ. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವನ ಮಾತನ್ನು ಎತ್ತಿಹಿಡಿಯಿತು. ಅದೇ ಆರೋಪದ ಮೇಲೆ ಮರುವಿಚಾರಣೆ ನಡೆದಾಗ ಈ ಸಲ ಪಕ್ಕದಲ್ಲಿ ವಕೀಲನಿದ್ದ. ಪಂಚರು ಗಿಡಿಯನ್‌ನನ್ನು ಬಿಡುಗಡೆ ಮಾಡಿದರು.

ನಮ್ಮ ಸಂವಿಧಾನದ 22ನೆಯ ವಿಧಿಯು ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಕಾಣುವ ಹಕ್ಕನ್ನು ಕೊಟ್ಟಿದೆ. ಇದ್ದರೂ, ಜನಕೋಪ ಹೆಚ್ಚಿದಾಗ ಕೆಲವೆಡೆ ವಕೀಲರ ಸಂಘಗಳೇ ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಕೂಡದೆಂದು ನಿರ್ಣಯಿಸಿದ್ದುಂಟು. ಅಂತಹ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ, ದೇಶದ್ರೋಹದ ಆರೋಪಕ್ಕೊಳಗಾದ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ಮರುಕಳಿಸಿ, ಕರ್ನಾಟಕ ಹೈಕೋರ್ಟು ಆಕ್ಷೇಪಿಸಬೇಕಾಯಿತು. ಆರೋಪಿಯು ತಪ್ಪಿತಸ್ಥನೆಂದು ತನಗೆ ತೋರಿದರೂ ಅವನನ್ನು ರಕ್ಷಿಸುವುದು ವಕೀಲನ ಕರ್ತವ್ಯವೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಮದ್ದೂರಿನವರಿಗೆ ಇದನ್ನು ದೂರದ ಉದಾಹರಣೆಗಳಿಂದ ತಿಳಿಸಬೇಕಾಗಿಯೇ ಇಲ್ಲ. 1938ರ ಏಪ್ರಿಲ್‌ನಲ್ಲಿ ಊರಿಗೆ ಅಂಟಿಕೊಂಡಿರುವ ಶಿವಪುರದಲ್ಲಿ ಪ್ರತಿಬಂಧಕಾಜ್ಞೆಯನ್ನು ಮೀರಿ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಿದವರು ಅಂದಿನ ಸರ್ಕಾರದ ಕಡತದಲ್ಲಿ ಆರೋಪಿಗಳೇ ಆಗಿದ್ದರು. ಇಂದು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ.

ಇಲ್ಲಿ ಅನೇಕಾಂತವನ್ನು ಕುರಿತು ಒಂದು ಮಾತು ಅವಶ್ಯ. ಅವನದೂ ಒಂದು ಸತ್ಯ, ಇವನದೂ ಒಂದು ಸತ್ಯ ಎಂಬ ಸಡಿಲವಾದ ಅರ್ಥದಲ್ಲಿ ಈ ಮಹಾತತ್ತ್ವವನ್ನು ಬಳಸುವ ಚಾಳಿ ಭಾಷಣಗಳಲ್ಲಿ ಹೆಚ್ಚಾಗಿದೆ. ಕದ್ದ ಸರವೆಂದು ತಿಳಿದೇ ಅಂಗಡಿಯವನು ಇಟ್ಟುಕೊಂಡನೋ ಇಲ್ಲವೋ ಎಂಬುದಕ್ಕೆ ಎರಡು ಸತ್ಯಗಳಿರಲಾರವು. ಒಂದೇ ನಯದಿಂದ ಕಂಡದ್ದನ್ನು ಸಂಪೂರ್ಣ ವಸ್ತುವೆಂದು ಸಾಧಿಸಬಾರದೆಂಬುದೇ ಅನೇಕಾಂತದ ಆಗ್ರಹ. ದೋಷಾರೋಪಣ ಪಟ್ಟಿಯೂ ಒಂದು ನಯ. ಅದು ಸುಳ್ಳೆಂದಲ್ಲ, ಅದು ಒಂದು ಕಡೆಯಿಂದ ಬರೆದದ್ದು.

ಗಿರವಿ ಅಂಗಡಿಯ ಪ್ರಸಂಗಕ್ಕೆ ಮರಳಿದರೆ, ಶ್ರಾವಕನಿಗೆ ಇಲ್ಲಿ ಕಾನೂನಿಗಿಂತ ಮೊದಲೇ ಆಗಮವು ಎಚ್ಚರಿಕೆ ಕೊಟ್ಟಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು: ಕಳ್ಳರು ತಂದದ್ದನ್ನು ತೆಗೆದುಕೊಳ್ಳುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು, ಹಿಂದಿನ ದಂಡಸಂಹಿತೆಯ 411 ಮತ್ತು ಅದರ ಮುಂದಿನ ಕಲಮುಗಳು, ಹೇಳುವುದೂ ಅದನ್ನೇ. ಆದರೆ ಕಾನೂನು ಅದಕ್ಕೆ ಒಂದು ಷರತ್ತನ್ನು ಜೋಡಿಸುತ್ತದೆ: ಕದ್ದ ಮಾಲೆಂದು ತಿಳಿದಿರಬೇಕು, ಅಥವಾ ಹಾಗೆ ನಂಬಲು ಕಾರಣವಿದ್ದಿರಬೇಕು, ಮತ್ತು ಅಪ್ರಾಮಾಣಿಕವಾಗಿ ಪಡೆದಿರಬೇಕು. ಸಾಮಾನ್ಯ ಸಂದರ್ಭದಲ್ಲಿ ಶಿಕ್ಷೆ 3 ವರ್ಷಗಳವರೆಗೆ. ದರೋಡೆಯ ಮಾಲೆಂದು ತಿಳಿದು ಪಡೆದಿದ್ದರೆ, ಅಥವಾ ಇಂತಹ ವ್ಯವಹಾರವೇ ಅಭ್ಯಾಸವೆಂದು ಸಿದ್ಧವಾದರೆ, ಆಜೀವ ಕಾರಾವಾಸದವರೆಗೂ ಹೋಗಬಹುದು. ಆಗ ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ. ಆದ್ದರಿಂದ ಮನೆಯವರು ಮೊದಲು ಕೇಳಿ ತಿಳಿಯಬೇಕಾದದ್ದು ಪ್ರಥಮ ವರ್ತಮಾನ ವರದಿಯಲ್ಲಿ ಯಾವ ಕಲಮು, ಯಾವ ಉಪಕಲಮು ಇದೆ ಎಂಬುದನ್ನು. ನಮ್ಮ ಕಾನೂನಿನಲ್ಲಿ 'ಫೆಲನಿ' ಎಂಬ ವಿಂಗಡಣೆಯಿಲ್ಲ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧಗಳು, ಹಾಗಲ್ಲದವು. ಜಾಮೀನು ಹಕ್ಕಾಗಿ ದೊರೆಯುವವು, ಹಾಗಲ್ಲದವು ಎಂಬ ವಿಂಗಡಣೆಗಳಿವೆ. ಜಾಮೀನುರಹಿತವೆಂದೊಡನೆ ಜಾಮೀನೇ ಇಲ್ಲವೆಂದು ಎಷ್ಟೋ ಮನೆಗಳಲ್ಲಿ ಅಳುವುದುಂಟು. ಅದರ ಅರ್ಥ, ಜಾಮೀನು ಕೊಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ.

ಕಳವಾದ ಸ್ವಲ್ಪ ಕಾಲದೊಳಗೆ ಮಾಲು ಯಾರ ಬಳಿ ಸಿಕ್ಕಿತೋ ಅವನು ಅದಕ್ಕೆ ವಿವರಣೆ ಕೊಡಲಾರದಿದ್ದರೆ, ಅವನೇ ಕಳ್ಳನೆಂದೋ ತಿಳಿದು ಪಡೆದವನೆಂದೋ ನ್ಯಾಯಾಲಯವು ಊಹಿಸಬಹುದು. ಹೀಗಿರುವುದರಿಂದ 1961ರ ಕರ್ನಾಟಕದ ಗಿರವಿದಾರರ ಕಾಯಿದೆಯಂತೆ ಪರವಾನಗಿ ಪಡೆದು, ಅಡವಿಟ್ಟವನ ಹೆಸರು ವಿಳಾಸಗಳನ್ನು ಅಂದಂದೇ ಪುಸ್ತಕಕ್ಕೆ ಬರೆದು, ರಸೀದಿ ಕೊಟ್ಟ ಅಂಗಡಿಯವನ ಪುಸ್ತಕವೇ ಅವನ ದೊಡ್ಡ ಸಾಕ್ಷಿ. ಬರೆಯದೆ ಬಿಟ್ಟವನ ಮುಂದೆ ಆ ರಾತ್ರಿ ಒಂದು ಪರೀಕ್ಷೆ ಬಂದು ನಿಲ್ಲುತ್ತದೆ. ಹಳೆಯ ತಾರೀಖು ಹಾಕಿ ಈಗ ಒಂದು ಸಾಲು ಬರೆದುಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಹಿತೈಷಿಯೊಬ್ಬನು ಹೇಳುತ್ತಾನೆ. ಅದು ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರ. ನ್ಯಾಯಾಲಯದ ಭಾಷೆಯಲ್ಲಿ ಸುಳ್ಳು ಸಾಕ್ಷ್ಯದ ಸೃಷ್ಟಿ. ನಿರಪರಾಧಿಯೂ ಇಂತಹ ಒಂದು ಸಾಲಿನಿಂದ ಅಪರಾಧಿಯಾಗುತ್ತಾನೆ. ಇನ್ನೊಂದು ಸಲಹೆಯೂ ಬರಬಹುದು: ಇಷ್ಟು ತೂಕದ ಚಿನ್ನವನ್ನು ಎಲ್ಲಿಂದಲಾದರೂ ತಂದುಕೊಟ್ಟು ಕೈತೊಳೆದುಕೊಳ್ಳಿ. ತಾನು ಪಡೆಯದೇ ಇದ್ದ ಒಡವೆಯ ಬದಲಿಗೆ ಬೇರೆ ಚಿನ್ನವನ್ನು ಒಪ್ಪಿಸಿದರೆ, ಮಹಜರಿನಲ್ಲಿ ಅದು ಕದ್ದ ಮಾಲೆಂದೇ ದಾಖಲಾಗುತ್ತದೆ. ಜೀಪಿನಲ್ಲಿ ಬಂದವನು ನಿಜವಾದ ಕಳ್ಳನಲ್ಲದಿದ್ದರೆ ಅವನನ್ನು ಸೆರೆಮನೆಗೆ ಕಳುಹಿಸುವ ಸಾಕ್ಷ್ಯವನ್ನು ಒಬ್ಬ ವ್ರತಿಯೇ ಒದಗಿಸಿದಂತಾಗುತ್ತದೆ. ಭಯದಿಂದ ಮಾಡಿದ್ದೆಂಬ ಮಾತು ಇದನ್ನು ಹಗುರಗೊಳಿಸಬಹುದು, ಅಳಿಸಲಾರದು.

ಅಂಗಡಿಯವನು ನಿಜವಾಗಿಯೂ ಸಂಶಯವಿದ್ದೇ, ಕಡಿಮೆ ಬೆಲೆಗೆ ಸಿಕ್ಕಿತೆಂಬ ಲೋಭದಿಂದ ತೆಗೆದುಕೊಂಡಿದ್ದರೆ? ಆಲೋಚನೆ, ಪ್ರತಿಕ್ರಮಣಗಳ ಪರಂಪರೆಯಲ್ಲಿ ಬೆಳೆದವನು ಠಾಣೆಯಲ್ಲೇ ಎಲ್ಲವನ್ನೂ ಒಪ್ಪಿಕೊಳ್ಳಬೇಡವೇ ಎಂಬ ಪ್ರಶ್ನೆ ಸಹಜ. ಗುರುವಿನ ಮುಂದೆ ಮಾಡುವ ಆಲೋಚನೆಗೆ ಬೆಲೆ ಬರುವುದು ಅದು ಸ್ವಯಂಪ್ರೇರಿತವಾದುದರಿಂದ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲಾಗದೆಂದು ಸಾಕ್ಷ್ಯದ ಕಾನೂನು ಒಂದೂವರೆ ಶತಮಾನದಿಂದಲೂ ಹೇಳುತ್ತ ಬಂದಿರುವುದು ಅಲ್ಲಿ ಭಯದ ನೆರಳಿರುವುದರಿಂದ. ಅದರಿಂದ ಪತ್ತೆಯಾದ ವಸ್ತುವಿನ ಮಟ್ಟಿಗೆ ಮಾತ್ರ ಅಪವಾದವುಂಟು. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಾಗಿಲ್ಲವೆಂಬುದು ಸಂವಿಧಾನದ 20ನೆಯ ವಿಧಿ. ಮೌನವು ಅಸತ್ಯವಲ್ಲ. ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾದದ್ದು ವಕೀಲನಿಗೆ. ಅವನು ಅದನ್ನು ಹೊರಗೆಡಹುವಂತಿಲ್ಲ. ಆಮೇಲೆ ನ್ಯಾಯಾಧೀಶರ ಮುಂದೆ ತಪ್ಪನ್ನು ಒಪ್ಪಿಕೊಳ್ಳುವ ದಾರಿಯೂ ಇದೆ, ಒಡವೆಯ ಒಡೆಯನ ನಷ್ಟವನ್ನು ತುಂಬಿಕೊಡುವ ದಾರಿಯೂ ಇದೆ. ಮಾಡಿದವನು ಮಾಡಿಲ್ಲವೆಂದು ಬಾಯಿಬಿಟ್ಟು ಸುಳ್ಳು ಹೇಳುವುದು ಮಾತ್ರ ವ್ರತಿಗೆ ಸಲ್ಲದು. ಅದನ್ನು ಹೇಳಿಸುವ ವಕೀಲನಿಗೂ ಸಲ್ಲದು.

ಲೌಕಿಕವಾದ ಕೆಲವು ಸಂಗತಿಗಳು. ಬಂಧನದ ಕಾರಣವನ್ನು ಬಂಧಿತನಿಗೂ, ಬಂಧನದ ಸುದ್ದಿಯನ್ನು ಅವನು ಹೇಳಿದವರಿಗೂ ತಿಳಿಸಬೇಕು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಶೋಧ, ವಶಪಡಿಸಿಕೊಳ್ಳುವಿಕೆಗಳನ್ನು ವಿಡಿಯೋದಲ್ಲಿ ದಾಖಲಿಸಬೇಕೆಂಬುದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ನಿಯಮ. ಓದದೆ ಮಹಜರಿಗೆ ಸಹಿ ಹಾಕಬಾರದು. ಬಂಧಿತನು ಸೆರೆಯಲ್ಲಿರುವಾಗ, 60 ದಿನಗಳಲ್ಲಿ, ಅತಿ ಗಂಭೀರ ಅಪರಾಧಗಳಲ್ಲಿ 90 ದಿನಗಳಲ್ಲಿ ದೋಷಾರೋಪಣ ಪಟ್ಟಿ ಸಲ್ಲದಿದ್ದರೆ ಜಾಮೀನು ಹಕ್ಕಾಗುತ್ತದೆ; ಆದರೆ ಅದನ್ನು ಅರ್ಜಿ ಹಾಕಿ ಕೇಳಬೇಕು. ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಿದೆ. ಮಂಡ್ಯದಲ್ಲಿ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕು ಮಟ್ಟದಲ್ಲಿ ಸಮಿತಿಗಳೂ ಇರುವುದು ಇದಕ್ಕಾಗಿಯೇ. ಸೆರೆಯಲ್ಲಿರುವವನು, ಅವನ ವರಮಾನ ಏನೇ ಇರಲಿ, ಉಚಿತ ವಕೀಲನನ್ನು ಕೇಳಬಹುದು. ಇದು ಅಂಗಡಿಯ ಯಜಮಾನನಿಗಿಂತ, ಜೀಪಿನಲ್ಲಿ ಕರೆತಂದ ಆ ಇನ್ನೊಬ್ಬನಿಗೆ ಹೆಚ್ಚು ಬೇಕಾದದ್ದು. ಅವನ ಮನೆಯಲ್ಲಿ ಆ ರಾತ್ರಿ ದೂರವಾಣಿ ಗಣಗಣಿಸಿರುವುದಿಲ್ಲ.

ಬಸದಿಗಳ ಮತ್ತು ಮಂದಿರಗಳ ಟ್ರಸ್ಟುಗಳ ಮುಂದೆ ಬರುವ ಪ್ರಶ್ನೆಗಳು ಬೇರೆ. ಧರ್ಮದರ್ಶಿಯೊಬ್ಬರ ಮೇಲೆ ಆರೋಪ ಬಂದರೆ ಅದನ್ನು ಮುಚ್ಚಿಡುವುದೇ ಉಪಗೂಹನವೆಂದು ವಾದಿಸುವವರುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನ ಅಂಗಕ್ಕೆ ಹೆಸರಿಸಿರುವ ಜಿನೇಂದ್ರಭಕ್ತನ ಕಥೆಯನ್ನು ಅವರು ಎತ್ತಿಕೊಳ್ಳುತ್ತಾರೆ. ವ್ರತಿಯ ವೇಷದಲ್ಲಿ ಬಂದ ಕಳ್ಳನೊಬ್ಬನು ಆ ಶ್ರೇಷ್ಠಿಯ ಚೈತ್ಯಾಲಯದ ಛತ್ರದಲ್ಲಿದ್ದ ರತ್ನವನ್ನು ಕದ್ದೋಡಿದಾಗ, ಬೆನ್ನಟ್ಟಿದ ಕಾವಲುಗಾರರಿಗೆ, ನಾನು ಹೇಳಿದ್ದರಿಂದಲೇ ಇವನು ಅದನ್ನು ತಂದನೆಂದು ಹೇಳಿ ಶ್ರೇಷ್ಠಿಯು ಮಾರ್ಗದ ಮಾನವನ್ನು ಉಳಿಸಿದ. ಬಳಿಕ ಏಕಾಂತದಲ್ಲಿ ಕಳ್ಳನನ್ನು ಹೊರದೂಡಿದ. ಕಥೆಯನ್ನು ಗಮನಿಸಿ ಓದಬೇಕು. ನಷ್ಟ ಶ್ರೇಷ್ಠಿಯದು, ಕ್ಷಮಿಸಿದ್ದೂ ಶ್ರೇಷ್ಠಿಯೇ. ರತ್ನ ಬಡವಿಧವೆಯೊಬ್ಬಳದಾಗಿದ್ದರೆ ಆ ಮಾತನ್ನಾಡುವ ಅಧಿಕಾರ ಅವನಿಗಿರುತ್ತಿತ್ತೇ? ಊರವರ ಹಣ ಹೋದಲ್ಲಿ, ಮಗುವಿಗೆ ಹಿಂಸೆಯಾದಲ್ಲಿ, ಹೆಣ್ಣುಮಗಳು ನೊಂದಲ್ಲಿ, ಉಪಗೂಹನದ ಹೆಸರಿನಲ್ಲಿ ದೂರನ್ನು ತಡೆಯುವುದು ಇತರರ ನೋವನ್ನು ದಾನಮಾಡಿದಂತೆ. ಅದೇ ಪಟ್ಟಿಯಲ್ಲಿ ಮುಂದೆ ಬರುವ ಸ್ಥಿತಿಕರಣ, ಜಾರಿದವನನ್ನು ಮತ್ತೆ ನಿಲ್ಲಿಸುವುದು, ಟ್ರಸ್ಟುಗಳಿಗೆ ಹೆಚ್ಚು ಒಪ್ಪುವ ಕೆಲಸ.

ಹಣದ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ದೇವದ್ರವ್ಯದಿಂದ ವ್ಯಕ್ತಿಯೊಬ್ಬರ ಮೊಕದ್ದಮೆಯ ಖರ್ಚನ್ನು ಕೊಡುವುದು ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಒಪ್ಪಿತವಲ್ಲ. ಸಮಾಜದ ಬಡಕುಟುಂಬಕ್ಕೆ ನೆರವಾಗಬೇಕೆಂದರೆ ಸಾಧರ್ಮಿಕ ವಾತ್ಸಲ್ಯದ ಹೆಸರಿನಲ್ಲಿ ಬೇರೆಯಾಗಿ ಕೂಡಿಸಿ, ಬೇರೆಯಾಗಿ ಲೆಕ್ಕವಿಟ್ಟು ಕೊಡಬಹುದು. ಆರೋಪಕ್ಕೊಳಗಾದ ಧರ್ಮದರ್ಶಿಯವರು ಪ್ರಕರಣ ಮುಗಿಯುವತನಕ ಹುಂಡಿಯ ಬೀಗದ ಕೈಯನ್ನೂ ಬ್ಯಾಂಕಿನ ಸಹಿಯನ್ನೂ ಇನ್ನೊಬ್ಬರಿಗೆ ವಹಿಸುವುದು ಲೇಸು. ನಡವಳಿ ಪುಸ್ತಕದಲ್ಲಿ ಅದನ್ನು ಶಿಕ್ಷೆಯೆಂದು ಬರೆಯದೆ, ಅವರ ಕೋರಿಕೆಯೆಂದೇ ಬರೆಯಬಹುದು. ಪ್ರಕರಣಗಳು ವರ್ಷಗಟ್ಟಲೆ ನಡೆಯುತ್ತವೆ. ಅಷ್ಟು ಕಾಲವೂ ಆ ಮನೆಯವರ ಅಭಿಷೇಕದ ಸರದಿ ತಪ್ಪಬಾರದು, ಪರ್ವದ ದಿನ ಪಂಕ್ತಿಯಲ್ಲಿ ಅವರ ಎಲೆ ಎಂದಿನ ಜಾಗದಲ್ಲೇ ಇರಬೇಕು, ಮತ್ತು ಪಾಠಶಾಲೆಯ ಮಕ್ಕಳ ಮುಂದೆ ಅವರ ಮಗನ ಹೆಸರನ್ನು ಕರೆಯುವಾಗ ಗುರುಗಳ ದನಿ ಬದಲಾಗಬಾರದು.